ಎಐ ಬರೆದುಕೊಡುವ ರೆಸ್ಯೂಮೆಯಲ್ಲಿ ನಾವು ಮಾಡಿದ ಕೆಲಸ ಎಲ್ಲಿದೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಐಟಿಐ, ಡಿಪ್ಲೊಮಾ ಅಥವಾ ಪದವಿ ಮುಗಿಸಿ ಖಾಸಗಿ ಕೆಲಸ ಹುಡುಕುವವರಿಗೆ ಬಹುಕಾಲ ಬಯೋಡಾಟಾ ಮಾಡಿಕೊಟ್ಟಿದ್ದು ಬಸ್ ನಿಲ್ದಾಣದ ಆಸುಪಾಸಿನ ಡಿಟಿಪಿ ಅಂಗಡಿಗಳು. ಅಂಗಡಿಯ ಕಂಪ್ಯೂಟರಿನಲ್ಲಿ ಯಾರದೋ ಹಳೆಯ ಫೈಲ್ ಇರುತ್ತಿತ್ತು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಅಂಕಗಳ ಕೋಷ್ಟಕ ಇವಿಷ್ಟನ್ನು ಬದಲಿಸಿದರೆ ಕೆಲಸ ಮುಗಿಯುತ್ತಿತ್ತು. ‘ಕರಿಯರ್ ಆಬ್ಜೆಕ್ಟಿವ್’ ಎಂಬ ತಲೆಬರಹದ ಕೆಳಗಿನ ಎರಡು ಸಾಲು ಇಂಗ್ಲಿಷ್ ಮಾತ್ರ ಯಾರ ಬಯೋಡಾಟಾದಲ್ಲೂ ಬದಲಾಗುತ್ತಿರಲಿಲ್ಲ. ಆ ಎರಡು ಸಾಲಿನ ಅರ್ಥವೇನೆಂದು ಕೆಳಗೆ ಸಹಿ ಹಾಕಿದವರಿಗೂ ಎಷ್ಟೋ ಸಲ ತಿಳಿದಿರುತ್ತಿರಲಿಲ್ಲ. ಈಗ ಆ ಹಳೆಯ ಫೈಲಿನ ಜಾಗಕ್ಕೆ ಚಾಟ್‌ಜಿಪಿಟಿ, ಜೆಮಿನಿ, ಕೋಪೈಲಟ್ ಎಂಬ ಎಐ ಚಾಟ್‌ಬಾಟ್‌ಗಳು ಬಂದಿವೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ತೆರೆದುಕೊಂಡ ಮೇಲೆ, ಮೊಬೈಲ್ ಇರುವ ಯಾರೇ ಆದರೂ ಒಂದು ಸಾಲು ಬರೆದು ಒಂದು ಪುಟದ ರೆಸ್ಯೂಮೆ ಪಡೆಯಬಹುದಾಗಿದೆ. ಇಂಗ್ಲಿಷಿನಲ್ಲಿ ತಪ್ಪಿರುವುದಿಲ್ಲ, ಅಂದವೂ ಇರುತ್ತದೆ. ಆದರೆ ಡಿಟಿಪಿ ಅಂಗಡಿಯ ಫೈಲಿನಲ್ಲಿದ್ದ ಮೂಲ ಕೊರತೆ ಇಲ್ಲಿಯೂ ಹಾಗೆಯೇ ಉಳಿದಿದೆ: ಬರೆಯುವವರಿಗೆ ಈ ಹುಡುಗ ಅಥವಾ ಹುಡುಗಿ ನಿಜವಾಗಿ ಏನು ಮಾಡಿದ್ದಾರೆ ಎಂಬುದು ಗೊತ್ತಿಲ್ಲ.

ಕೃತಕ ಬುದ್ಧಿಮತ್ತೆಯ (ಎಐ) ಸಹಾಯದಿಂದ ರೆಸ್ಯೂಮೆ ಬರೆಯುವುದು ಸರಿಯೋ ತಪ್ಪೋ ಎಂಬ ಚರ್ಚೆ ಈಗ ಎಲ್ಲೆಡೆ ನಡೆಯುತ್ತಿದೆ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ ಅದಲ್ಲ. ಈ ಸಾಧನಕ್ಕೆ ನಾವು ಯಾವ ಕೆಲಸವನ್ನು ಒಪ್ಪಿಸುತ್ತೇವೆ, ಯಾವುದನ್ನು ನಮ್ಮಲ್ಲೇ ಉಳಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಭಾಷೆಯನ್ನು ತಿದ್ದಲು, ಮರೆತದ್ದನ್ನು ಕೇಳಿ ಕೇಳಿ ಹೊರತೆಗೆಯಲು, ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತರಲು ಅದನ್ನು ಬಳಸಿದರೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಷ್ಟು ದಿನ ಸಿಗದಿದ್ದ ನೆರವು ಸಿಕ್ಕಂತಾಗುತ್ತದೆ. ನಮ್ಮ ಅನುಭವವನ್ನೇ ಸೃಷ್ಟಿಸಲು ಬಿಟ್ಟರೆ ಸಂದರ್ಶನದ ಮೊದಲ ಐದು ನಿಮಿಷದಲ್ಲೇ ಅದು ನಮ್ಮನ್ನು ಸಿಕ್ಕಿಸುತ್ತದೆ.

ಈ ಭಾಗದಲ್ಲಿ ರೆಸ್ಯೂಮೆ ಎಲ್ಲಿ ಲೆಕ್ಕಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಮೊದಲು ನೋಡಬೇಕು. ಕೆಪಿಎಸ್‌ಸಿ ಅಥವಾ ಕೆಇಎ ಮೂಲಕ ನಡೆಯುವ ಸರ್ಕಾರಿ ನೇಮಕಾತಿಗೆ ನಿಗದಿತ ಅರ್ಜಿ, ಪರೀಕ್ಷೆ ಮತ್ತು ದಾಖಲೆ ಸಾಕು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿಗೆ ಬೇಕಾದದ್ದು ಅರ್ಹತಾ ಪ್ರಮಾಣಪತ್ರ. ಕಾರ್ಖಾನೆಗಳಿಗೆ ಗುತ್ತಿಗೆದಾರರ ಮೂಲಕ ಸೇರುವ ಕಾರ್ಮಿಕರನ್ನೂ ಸಾಮಾನ್ಯವಾಗಿ ಯಾರೂ ರೆಸ್ಯೂಮೆ ಕೇಳುವುದಿಲ್ಲ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಐಟಿಐ ಅಂಕಪಟ್ಟಿ, ಮೊದಲೇ ಪಿಎಫ್ ಇದ್ದರೆ ಯುಎಎನ್ ಎಂಬ ಅದರ ಏಕೀಕೃತ ಖಾತೆ ಸಂಖ್ಯೆ, ಜೊತೆಗೆ ಪರಿಚಯದವರ ಒಂದು ಮಾತು ಇದ್ದರೆ ಕೆಲಸವಾಗುತ್ತದೆ. ರೆಸ್ಯೂಮೆ ನಿಜವಾಗಿ ತೂಗುವುದು ಇವೆರಡರ ನಡುವಿನ ಜಾಗದಲ್ಲಿ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ದೊಡ್ಡ ಸಂಸ್ಥೆಗಳ ಟ್ರೈನಿ ಹುದ್ದೆಗಳು, ಗಿಣಿಗೇರಾ ಸುತ್ತಲಿನ ಉಕ್ಕು ಮತ್ತು ಸ್ಪಾಂಜ್ ಐರನ್ ಘಟಕಗಳ ಮೇಂಟೆನೆನ್ಸ್ ಹಾಗೂ ಲ್ಯಾಬ್ ವಿಭಾಗ, ಭಾನಾಪುರದ ಆಟಿಕೆ ಕ್ಲಸ್ಟರ್, ಖಾಸಗಿ ಆಸ್ಪತ್ರೆ, ಬ್ಯಾಂಕಿಂಗ್ ಮತ್ತು ಫೈನಾನ್ಸ್ ಕಂಪನಿಗಳ ಶಾಖೆಗಳು, ಇಲ್ಲಿಂದ ಬೆಂಗಳೂರಿಗೆ ಅಥವಾ ಹೈದರಾಬಾದಿಗೆ ಹೋಗುವವರು ಹಾಕುವ ಅರ್ಜಿಗಳು. ಈ ಜಾಗ ದೊಡ್ಡದೇ ಇದೆ, ವರ್ಷದಿಂದ ವರ್ಷಕ್ಕೆ ಅರ್ಜಿಗಳು ಆನ್‌ಲೈನಿಗೆ ಸರಿಯುತ್ತಿರುವುದರಿಂದ ಇನ್ನಷ್ಟು ಬೆಳೆಯುತ್ತಿದೆ.

ಒಳ್ಳೆಯ ಭಾಷೆಯಿಂದ ಕೆಲಸ ಸಿಗುವ ಸಾಧ್ಯತೆ ಹೆಚ್ಚುತ್ತದೆಯೇ? ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿದೆ. ಅಮೆರಿಕದ ಎಂಐಟಿ ಸಂಶೋಧಕರು ಒಂದು ಆನ್‌ಲೈನ್ ಉದ್ಯೋಗ ಮಾರುಕಟ್ಟೆಯಲ್ಲಿ ಸುಮಾರು ಐದು ಲಕ್ಷ ಉದ್ಯೋಗಾಕಾಂಕ್ಷಿಗಳ ಮೇಲೆ ನಡೆಸಿ 2023ರ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೆಸ್ಯೂಮೆ ಬರೆಯುವಾಗ ಗಣಕದ ಭಾಷಾ ನೆರವು ಪಡೆದವರಿಗೆ ಕೆಲಸ ಸಿಗುವ ಸಾಧ್ಯತೆ ಶೇ 8ರಷ್ಟು ಹೆಚ್ಚಿದ್ದುದು ಕಂಡುಬಂತು. ಕೆಲಸ ಕೊಟ್ಟವರು ಆಮೇಲೆ ನಿರಾಶರಾದರೇ ಎಂದು ನೋಡಿದಾಗ ಹಾಗೇನೂ ಆಗಿರಲಿಲ್ಲ. ಅಂದರೆ ಭಾಷೆ ತಿದ್ದಿಕೊಂಡವರು ಯಾರನ್ನೂ ಮೋಸಗೊಳಿಸಿರಲಿಲ್ಲ. ಅವರಲ್ಲಿದ್ದ ಸಾಮರ್ಥ್ಯ ಕಾಗುಣಿತ ಮತ್ತು ವ್ಯಾಕರಣದ ತಪ್ಪುಗಳ ಹಿಂದೆ ಮುಚ್ಚಿಹೋಗಿತ್ತು, ತಪ್ಪು ಹೋದ ಮೇಲೆ ಅದು ಓದುವವರ ಕಣ್ಣಿಗೆ ಬಿತ್ತು. ಈ ಅಧ್ಯಯನವನ್ನು ಉದಾಹರಿಸುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ, ಅದೇ ಮುಖ್ಯ: ಅಲ್ಲಿ ಬಳಸಿದ ಸಾಧನ ಅರ್ಜಿದಾರರು ಬರೆದದ್ದನ್ನು ತಿದ್ದುತ್ತಿತ್ತು, ಕಾಗುಣಿತ, ವ್ಯಾಕರಣ, ಪದಬಳಕೆಯ ತಪ್ಪನ್ನು ತೋರಿಸುತ್ತಿತ್ತು. ಅವರ ಪರವಾಗಿ ಅನುಭವವನ್ನು ಬರೆಯುತ್ತಿರಲಿಲ್ಲ. ಇಂದು ನಮ್ಮ ಕೈಯಲ್ಲಿರುವ ಚಾಟ್‌ಬಾಟ್ ಎರಡನ್ನೂ ಮಾಡುತ್ತದೆ, ಎರಡನೆಯದನ್ನು ಇನ್ನೂ ಹುಮ್ಮಸ್ಸಿನಿಂದ ಮಾಡುತ್ತದೆ.

ಹೀಗೇಕೆ ಎಂಬುದು ಅದರ ರಚನೆಯಲ್ಲೇ ಇದೆ. ಈ ಭಾಷಾ ಮಾದರಿಗಳು ಅಪಾರ ಪ್ರಮಾಣದ ಬರಹವನ್ನು ಓದಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕಹಾಕುವಂತೆ ತರಬೇತಿ ಪಡೆದಿವೆ. ರೆಸ್ಯೂಮೆ ಎಂದ ಕೂಡಲೇ ಅವುಗಳಿಗೆ ‘ಒದಗಿ’ ಬರುವುದು ಇಂಗ್ಲಿಷ್ ಜಾಲತಾಣಗಳಲ್ಲಿ ತುಂಬಿರುವ ಮಾದರಿ ರೆಸ್ಯೂಮೆಗಳ ಭಾಷೆ. ಆ ಮಾದರಿಗಳಲ್ಲಿ ಪ್ರತಿ ಸಾಲಿಗೂ ಒಂದು ಅಂಕಿ ಇರುತ್ತದೆ, ಪ್ರತಿಯೊಬ್ಬರೂ ಒಂದು ತಂಡವನ್ನು ಮುನ್ನಡೆಸಿರುತ್ತಾರೆ, ಏನನ್ನೋ ಶೇಕಡಾವಾರು ಇಳಿಸಿರುತ್ತಾರೆ ಅಥವಾ ಏರಿಸಿರುತ್ತಾರೆ. ನಾವು ಕೊಟ್ಟ ವಿವರ ಕಡಿಮೆಯಿದ್ದಷ್ಟೂ ಯಂತ್ರ ಆ ಮಾದರಿಯಿಂದ ತುಂಬಿಕೊಳ್ಳುವುದು ಹೆಚ್ಚು. ಸುಳ್ಳು ಹೇಳಬೇಕೆಂಬ ಉದ್ದೇಶ ಅದಕ್ಕಿಲ್ಲ. ನಿಜ ಯಾವುದು ಎಂದು ತಿಳಿಯುವ ದಾರಿಯೂ ಅದಕ್ಕಿಲ್ಲ. ಕನ್ನಡಕ್ಕೆ ಬಂದರೆ ಕೊರತೆ ಇನ್ನೊಂದು ಬಗೆಯದು. ಅಂತರಜಾಲದ ಒಟ್ಟು ಬರಹದಲ್ಲಿ ಕನ್ನಡದ ಪಾಲು ಶೇ 1ಕ್ಕಿಂತ ಬಹಳ ಕೆಳಗಿದೆ, ಅದರಲ್ಲೂ ಅಕ್ಕಿ ಗಿರಣಿಯ ಫಿಟ್ಟರ್ ತನ್ನ ಕೆಲಸವನ್ನು ವಿವರಿಸಿದ ಬರಹ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಏನು ಮಾಡುತ್ತಾರೆಂದು ಊಹಿಸುವಷ್ಟು ಚೆನ್ನಾಗಿ, ಕಾರಟಗಿಯ ಗಿರಣಿಯಲ್ಲಿ ಏನು ನಡೆಯುತ್ತದೆಂದು ಅದು ಊಹಿಸಲಾರದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸಿಂಧನೂರು ಕಡೆಯ, ಐಟಿಐ ಫಿಟ್ಟರ್ ಟ್ರೇಡ್ ಮುಗಿಸಿ ಎರಡು ಹಂಗಾಮು ಅಕ್ಕಿ ಗಿರಣಿಯಲ್ಲಿ ದುಡಿದ ಒಬ್ಬ ಯುವಕ ಉಕ್ಕಿನ ಘಟಕವೊಂದರ ಮೇಂಟೆನೆನ್ಸ್ ವಿಭಾಗಕ್ಕೆ ಅರ್ಜಿ ಹಾಕುತ್ತಾನೆ ಎಂದಿಟ್ಟುಕೊಳ್ಳಿ. ಅವನು ಮೊಬೈಲಿನಲ್ಲಿ ಬರೆಯುವುದು ಇಷ್ಟೇ: ‘ನಾನು ಐಟಿಐ ಫಿಟ್ಟರ್, ರೈಸ್ ಮಿಲ್ಲಿನಲ್ಲಿ ಕೆಲಸ ಮಾಡಿದ್ದೇನೆ, ಒಳ್ಳೆಯ ರೆಸ್ಯೂಮೆ ಮಾಡಿಕೊಡು.’ ಬರುವ ಉತ್ತರದಲ್ಲಿ, ಮುಂಜಾಗ್ರತಾ ನಿರ್ವಹಣೆಯ ಯೋಜನೆ ರೂಪಿಸಿ ಯಂತ್ರಗಳು ನಿಂತುಹೋಗುವ ಅವಧಿಯನ್ನು ಶೇ 30ರಷ್ಟು ಇಳಿಸಿದ, ಹತ್ತು ಜನರ ತಂಡವನ್ನು ಮುನ್ನಡೆಸಿದ, ಸುರಕ್ಷತಾ ಮಾನದಂಡಗಳನ್ನು ಜಾರಿಗೆ ತಂದ ಒಬ್ಬ ‘ರಿಸಲ್ಟ್ಸ್ ಡ್ರಿವನ್ ಪ್ರೊಫೆಷನಲ್’ ಇರುತ್ತಾನೆ. ಈ ವ್ಯಕ್ತಿ ಸಿಂಧನೂರಿನವನೂ ಅಲ್ಲ, ಎಲ್ಲಿಯವನೂ ಅಲ್ಲ.

ಆ ಯುವಕ ನಿಜವಾಗಿ ಮಾಡಿದ್ದು ಬೇರೆ, ಮತ್ತು ಅದು ಸಣ್ಣದಲ್ಲ. ಭತ್ತ ಸುಲಿಯುವ ಶೆಲ್ಲರಿನಲ್ಲಿ ಎರಡು ರಬ್ಬರ್ ರೋಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ರಬ್ಬರ್ ಸವೆದಂತೆ ಅವುಗಳ ನಡುವಿನ ಅಂತರ ಹೆಚ್ಚಿ ಸುಲಿಯದ ಭತ್ತ ಹಾಗೆಯೇ ಕೆಳಗೆ ಬರತೊಡಗುತ್ತದೆ. ಅಂತರವನ್ನು ಅತಿಯಾಗಿ ಬಿಗಿ ಮಾಡಿದರೆ ಅಕ್ಕಿ ಮುರಿದು ನುಚ್ಚು ಹೆಚ್ಚುತ್ತದೆ, ಮಾಲೀಕರಿಗೆ ನೇರ ನಷ್ಟ. ವೇಗವಾಗಿ ತಿರುಗುವ ರೋಲ್ ಬೇಗ ಸವೆಯುವುದರಿಂದ ನಡುವೆ ಎರಡನ್ನೂ ಅದಲು ಬದಲು ಮಾಡಬೇಕು. ಭತ್ತದ ತೇವಾಂಶ ನೋಡಿಕೊಂಡು ಅಂತರ ಹೊಂದಿಸುವುದು, ಎಲಿವೇಟರಿನ ಬೆಲ್ಟು ಒಂದು ಕಡೆಗೆ ಎಳೆಯುತ್ತಿದ್ದರೆ ಗುರುತಿಸಿ ಸರಿಪಡಿಸುವುದು, ಬೇರಿಂಗ್ ಬಿಸಿಯಾಗುವ ಮೊದಲೇ ಸದ್ದಿನಿಂದ ತಿಳಿದುಕೊಂಡು ಗ್ರೀಸ್ ಹಾಕುವುದು, ರಾತ್ರಿ ಪಾಳಿಯಲ್ಲಿ ಒಬ್ಬನೇ ಇದ್ದು ಗಿರಣಿ ನಿಲ್ಲದಂತೆ ನೋಡಿಕೊಳ್ಳುವುದು ಅವನ ದಿನನಿತ್ಯದ ಕೆಲಸವಾಗಿತ್ತು. ಉಕ್ಕಿನ ಕಾರ್ಖಾನೆಯ ಮೇಂಟೆನೆನ್ಸ್ ಎಂಜಿನಿಯರ್ ಹುಡುಕುತ್ತಿರುವುದೂ ಇದನ್ನೇ. ಕನ್ವೇಯರ್, ಬೆಲ್ಟ್, ಬೇರಿಂಗ್, ಅಲೈನ್‌ಮೆಂಟ್ ಗಿರಣಿಯಲ್ಲೂ ಇವೆ, ಅಲ್ಲೂ ಇವೆ, ಗಾತ್ರವಷ್ಟೇ ಬೇರೆ.

ಈಗ ಸಂದರ್ಶನವನ್ನು ಊಹಿಸಿ. ‘ಶೇ 30 ಕಡಿಮಿ ಮಾಡೀನಿ ಅಂತ ಬರ್ದೀಯಲ್ಲ, ಹೆಂಗ ಲೆಕ್ಕ ಹಾಕಿದಿ?’ ಎಂದು ಎಂಜಿನಿಯರ್ ಕೇಳಿದರೆ ಅವನ ಬಳಿ ಉತ್ತರವಿಲ್ಲ. ‘ರೋಲ್ ಸವದೈತಿ ಅಂತ ನಿನಗ ಹೆಂಗ ಗೊತ್ತಾಗ್ತಿತ್ತು?’ ಎಂದು ಕೇಳಿದರೆ ಹತ್ತು ನಿಮಿಷ ಮಾತನಾಡಬಲ್ಲ. ಎರಡನೆಯ ಪ್ರಶ್ನೆ ಬರಬೇಕಾದರೆ ರೆಸ್ಯೂಮೆಯಲ್ಲಿ ರೋಲಿನ ವಿಷಯ ಇರಬೇಕು. ಅದನ್ನು ಅವನು ಹೇಳಲಿಲ್ಲ, ಯಂತ್ರ ಕೇಳಲಿಲ್ಲ.

ಹೇಳದಿರಲು ಕಾರಣವಿದೆ. ನಮ್ಮಲ್ಲಿ ಕೈಯಿಂದ ಕಲಿತದ್ದನ್ನು, ಮನೆಯಲ್ಲಿ ಮಾಡಿದ್ದನ್ನು, ಕೂಲಿಗೆ ದುಡಿದದ್ದನ್ನು ‘ಅನುಭವ’ ಎಂದು ಎಣಿಸುವ ರೂಢಿಯೇ ಇಲ್ಲ. ಅನುಭವ ಎಂದರೆ ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಟ್ಟದ್ದು ಮಾತ್ರ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ರಜೆಯ ದಿನಗಳಲ್ಲಿ ಕೆಲಸ ಮಾಡಿದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಹಾಕುವಾಗ, ಪ್ರತಿಯೊಬ್ಬ ಟೈಲರ್ ದಿನಕ್ಕೆ ಎಷ್ಟು ಪೀಸ್ ಹೊಲಿದರೆಂದು ಪುಸ್ತಕದಲ್ಲಿ ಬರೆದು, ಮುಂಗಡ ಕಳೆದು, ವಾರದ ಬಟವಾಡೆಯ ಲೆಕ್ಕ ಸಿದ್ಧಮಾಡುತ್ತಿದ್ದೆ ಎಂಬುದನ್ನು ಬರೆಯುವುದೇ ಇಲ್ಲ. ಬರೆಯುವುದು ‘ಫ್ರೆಶರ್’ ಎಂಬ ಒಂದೇ ಪದ. ಕೂಲಿ ಲೆಕ್ಕ ಇಟ್ಟವಳು ಫ್ರೆಶರ್ ಹೇಗಾಗುತ್ತಾಳೆ? ಇಂಥ ಕಡೆ ಕೃತಕ ಬುದ್ಧಿಮತ್ತೆ ನಿಜವಾಗಿ ಉಪಕಾರ ಮಾಡಬಲ್ಲದು ಎಂಬುದು ನನ್ನ ದೃಢ ನಂಬಿಕೆ. ಆದರೆ ಅದಕ್ಕೆ ನಾವು ಕೊಡುವ ಸೂಚನೆ ಬದಲಾಗಬೇಕು.

ರೆಸ್ಯೂಮೆ ಬರೆದುಕೊಡು ಎನ್ನುವ ಬದಲು ಹೀಗೆ ಕನ್ನಡದಲ್ಲೇ ಹೇಳಬಹುದು: ‘ನಾನು ಇಂಥ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಕಂಪನಿಯ ಜಾಹೀರಾತು ಇಲ್ಲಿದೆ. ಈಗಲೇ ರೆಸ್ಯೂಮೆ ಬರೆಯಬೇಡ. ನಾನು ಮಾಡಿದ ಕೆಲಸದ ಬಗ್ಗೆ ಒಂದೊಂದೇ ಪ್ರಶ್ನೆ ಕೇಳು. ನಾನು ಹೇಳದ ಯಾವ ಅಂಕಿಯನ್ನೂ, ಯಾವ ಕೌಶಲವನ್ನೂ ಸೇರಿಸಬೇಡ. ಮಾಹಿತಿ ಸಾಲದಿದ್ದರೆ ಆ ಜಾಗ ಖಾಲಿ ಬಿಡು.’ ಇಷ್ಟು ಹೇಳಿದರೆ ಅದರ ವರ್ತನೆಯೇ ಬದಲಾಗುತ್ತದೆ. ಗಿರಣಿಯಲ್ಲಿ ಯಾವ ಯಂತ್ರಗಳಿದ್ದವು, ಪಾಳಿ ಎಷ್ಟು ಗಂಟೆಯದು, ಯಂತ್ರ ಕೆಟ್ಟಾಗ ಮೊದಲು ಏನು ಮಾಡುತ್ತಿದ್ದಿರಿ, ಯಾವ ಉಪಕರಣ ಬಳಸಿದ್ದೀರಿ ಎಂದು ಕೇಳತೊಡಗುತ್ತದೆ. ಉತ್ತರಗಳನ್ನು ಬರೆಯುವುದು ಕಷ್ಟವೆನಿಸಿದವರು ಮೊಬೈಲಿನ ಧ್ವನಿ ಟೈಪಿಂಗ್ ಬಳಸಿ ಮಾತಿನಲ್ಲೇ ಹೇಳಬಹುದು. ನಮ್ಮ ಕಡೆಯ ‘ಮಾಡಾಕತ್ತಿದ್ದೆ’, ‘ಹೋಗಿದ್ದಿಲ್ಲ’ ಎಂಬಂಥ ಮಾತುಗಳನ್ನು ಅದು ಕೆಲವೊಮ್ಮೆ ತಪ್ಪಾಗಿ ಕೇಳಿಸಿಕೊಳ್ಳುವುದರಿಂದ, ತೆರೆಯ ಮೇಲೆ ಮೂಡಿದ್ದನ್ನು ಒಮ್ಮೆ ಓದಿ ನೋಡಿ ಮುಂದಕ್ಕೆ ಹೋಗಬೇಕು. ಪ್ರಶ್ನೋತ್ತರ ಮುಗಿದ ಮೇಲೆ, ಹೇಳಿದ್ದನ್ನಷ್ಟೇ ಸರಳ ಇಂಗ್ಲಿಷಿನಲ್ಲಿ ಒಂದು ಪುಟಕ್ಕೆ ಇಳಿಸು ಎಂದು ಕೇಳಬೇಕು. ಕೊನೆಗೆ, ಪ್ರತಿ ಇಂಗ್ಲಿಷ್ ಸಾಲಿನ ಅರ್ಥವನ್ನು ಕನ್ನಡದಲ್ಲಿ ಹೇಳು ಎಂದು ಕೇಳಿ ಓದಿಕೊಳ್ಳಬೇಕು. ತನಗೆ ಅರ್ಥವಾಗದ, ತನ್ನ ಬಾಯಲ್ಲಿ ವಿವರಿಸಲಾಗದ ಸಾಲು ಎಷ್ಟೇ ಚಂದವಿದ್ದರೂ ತೆಗೆದುಹಾಕಬೇಕು.

ಐಟಿಐ ಓದಿದವರ ಬಳಿ ಇದಕ್ಕೆ ಒಳ್ಳೆಯ ಸಾಮಗ್ರಿಯೂ ಇರುತ್ತದೆ. ತರಬೇತಿಯ ಅವಧಿಯಲ್ಲಿ ಬರೆದ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಮಾಡಿದ ಪ್ರತಿಯೊಂದು ಜಾಬ್, ಬಳಸಿದ ಉಪಕರಣ, ಅಳತೆ ದಾಖಲಾಗಿರುತ್ತವೆ. ಅದನ್ನು ಮುಂದಿಟ್ಟುಕೊಂಡು ಉತ್ತರ ಹೇಳಿದರೆ ರೆಸ್ಯೂಮೆಗೆ ಬೇಕಾದ ನಿಜವಾದ ಅಂಕಿಗಳು ಅಲ್ಲಿಯೇ ಸಿಗುತ್ತವೆ.

ಇದೇಕೆ ಇಷ್ಟು ಮುಖ್ಯ ಎಂದರೆ, ನಮ್ಮ ಬಯೋಡಾಟಾಗಳ ಕೊನೆಯಲ್ಲಿ ಒಂದು ಘೋಷಣೆ ಇರುತ್ತದೆ: ಮೇಲ್ಕಂಡ ವಿವರಗಳೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ ಎಂದು ಬರೆದು, ಸ್ಥಳ, ದಿನಾಂಕ ನಮೂದಿಸಿ ಸಹಿ ಹಾಕುತ್ತೇವೆ. ಡಿಟಿಪಿ ಅಂಗಡಿಯ ಕಾಲದಲ್ಲಿ ಆ ಘೋಷಣೆಗೆ ದೊಡ್ಡ ಅಪಾಯವೇನೂ ಇರಲಿಲ್ಲ, ಏಕೆಂದರೆ ಮೇಲೆ ಬರೆದಿದ್ದ ಆಬ್ಜೆಕ್ಟಿವ್ ಸುಳ್ಳು ಎನ್ನುವಷ್ಟು ಖಚಿತವಾಗಿರಲಿಲ್ಲ. ಶೇ 30 ಎಂಬುದು ಖಚಿತವಾದ ಹೇಳಿಕೆ. ಯಂತ್ರ ಕಟ್ಟಿದ ಆ ಹೇಳಿಕೆಯ ಕೆಳಗೆ ಬೀಳುವುದು ಯಂತ್ರದ ಸಹಿಯಲ್ಲ. ಕೆಲಸದ ಅವಧಿಯನ್ನು ಹಿಗ್ಗಿಸಿದವರೂ ಈಗ ಸುಲಭವಾಗಿ ಸಿಕ್ಕಿಬೀಳುತ್ತಾರೆ. 2014ರಲ್ಲಿ ಪಿಎಫ್ ಖಾತೆಗಳಿಗೆ ಯುಎಎನ್ ಬಂದ ಮೇಲೆ ಯಾರು ಯಾವ ಸಂಸ್ಥೆಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದರು ಎಂಬುದು ಒಂದೇ ಕಡೆ ದಾಖಲಾಗುತ್ತಿದ್ದು, ಹಿನ್ನೆಲೆ ಪರಿಶೀಲನೆ ನಡೆಸುವ ಕಂಪನಿಗಳು ಅದನ್ನೇ ಕೇಳುತ್ತವೆ. ಅಂಕಪಟ್ಟಿಗಳೂ ಡಿಜಿಲಾಕರಿನಲ್ಲಿ ಪರಿಶೀಲನೆಗೆ ಸಿಗುತ್ತಿವೆ. ಆಫರ್ ಲೆಟರ್ ಕೈಗೆ ಬಂದ ಮೇಲೆ, ಇದ್ದ ಕೆಲಸವನ್ನೂ ಬಿಟ್ಟ ಮೇಲೆ ಇಂಥ ತಪ್ಪು ಹೊರಬಿದ್ದರೆ ನಷ್ಟ ಅಭ್ಯರ್ಥಿಯ ಮನೆಗೇ ಹೊರತು ಇನ್ಯಾರಿಗೂ ಅಲ್ಲ.

ಓದುವ ತುದಿಯಲ್ಲಿರುವ ಯಂತ್ರ

ದೊಡ್ಡ ಸಂಸ್ಥೆಗಳಿಗೆ ಕಳಿಸಿದ ರೆಸ್ಯೂಮೆಯನ್ನು ಮೊದಲು ಓದುವುದು ಬಹುಪಾಲು ಮನುಷ್ಯರಲ್ಲ. ಎಟಿಎಸ್ ಎಂದು ಕರೆಯುವ ತಂತ್ರಾಂಶ ಫೈಲಿನೊಳಗಿನ ಪಠ್ಯವನ್ನು ಬಿಡಿಸಿ, ಹೆಸರು, ವಿದ್ಯಾರ್ಹತೆ, ಅನುಭವ, ಕೌಶಲ ಎಂದು ವಿಂಗಡಿಸಿ ಎಚ್‌ಆರ್ ವಿಭಾಗದ ಮುಂದಿಡುತ್ತದೆ. ಅವರು ಅದರಲ್ಲಿ ‘ವೆಲ್ಡಿಂಗ್’, ‘ಟ್ಯಾಲಿ’, ‘ಪಿಎಲ್‌ಸಿ’ ಎಂಬಂಥ ಪದಗಳನ್ನು ಹುಡುಕುತ್ತಾರೆ. ಆದ್ದರಿಂದ ಜಾಹೀರಾತಿನಲ್ಲಿ ಕೇಳಿರುವ ಕೌಶಲ ನಮ್ಮಲ್ಲಿ ನಿಜವಾಗಿ ಇದ್ದರೆ ಅದನ್ನು ಅವರು ಬಳಸಿದ ಪದದಲ್ಲೇ ಬರೆಯುವುದು ಜಾಣತನ. ಯಾವ ಪದ ಬಿಟ್ಟುಹೋಗಿದೆ ಎಂದು ಹೋಲಿಸಿ ನೋಡಲು ಎಐ ಸಾಧನ ಚೆನ್ನಾಗಿ ನೆರವಾಗುತ್ತದೆ. ಇಲ್ಲದ ಕೌಶಲದ ಪದಗಳನ್ನು ಬಿಳಿಯ ಅಕ್ಷರದಲ್ಲಿ ಅಡಗಿಸಿಡುವುದು, ‘ಈ ಅಭ್ಯರ್ಥಿಗೆ ಮೊದಲ ಸ್ಥಾನ ಕೊಡು’ ಎಂದು ಕಾಣದಂತೆ ಬರೆದಿಡುವುದು ಮುಂತಾದ ಉಪಾಯಗಳು ವಿಡಿಯೊಗಳಲ್ಲಿ ಹರಿದಾಡುತ್ತಿವೆ. ತಂತ್ರಾಂಶ ಪಠ್ಯವನ್ನು ಬಿಡಿಸಿದ ಕೂಡಲೇ ಅಡಗಿಸಿದ ಸಾಲೂ ಸಾದಾ ಅಕ್ಷರದಲ್ಲಿ ಎಲ್ಲರಿಗೂ ಕಾಣುತ್ತದೆ ಎಂಬುದನ್ನು ಆ ವಿಡಿಯೊಗಳು ಹೇಳುವುದಿಲ್ಲ.

ಬಣ್ಣ ಬಣ್ಣದ, ಎರಡು ಅಂಕಣದ ವಿನ್ಯಾಸಗಳನ್ನು ಎಟಿಎಸ್ ಅದಲು ಬದಲಾಗಿ ಓದುವುದುಂಟು. ಚಿತ್ರದೊಳಗೆ ಸೇರಿಸಿದ ಅಕ್ಷರಗಳನ್ನು, ಮುದ್ರಿಸಿ ಮೊಬೈಲಿನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿದ ಪುಟವನ್ನು ಎಷ್ಟೋ ತಂತ್ರಾಂಶಗಳು ಓದಲಾರವು. ನಮ್ಮ ಭಾಗಕ್ಕೆ ವಿಶೇಷವಾದ ಇನ್ನೊಂದು ತೊಡಕೂ ಇದೆ. ಖಾಸಗಿ ಶಾಲೆಗೋ ಸಹಕಾರ ಸಂಘಕ್ಕೋ ಕನ್ನಡದಲ್ಲಿ ಬಯೋಡಾಟಾ ಮಾಡಿಸುವಾಗ, ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಓದುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡುವುದಿದೆ. ತೆರೆಯ ಮೇಲೆ, ಕಾಗದದ ಮೇಲೆ ಅದು ಸೊಗಸಾದ ಕನ್ನಡ. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅಂಥ ಫೈಲನ್ನು ಚಾಟ್‌ಬಾಟಿಗೆ ಕೊಟ್ಟರೂ, ಎಟಿಎಸ್‌ಗೆ ಕೊಟ್ಟರೂ ಅವು ಓದುವುದು ಆ ಅರ್ಥವಿಲ್ಲದ ಸಾಲನ್ನೇ. ಯೂನಿಕೋಡಿನಲ್ಲಿ ಟೈಪ್ ಮಾಡಿ ಎಂದು ಅಂಗಡಿಯಲ್ಲಿ ಒಂದು ಮಾತು ಹೇಳಿದರೆ ಸಾಕು.

ಆಯ್ಕೆಯನ್ನೇ ಯಂತ್ರಕ್ಕೆ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಅಮೆಜಾನ್ ಕಂಪನಿಯ ಅನುಭವ ಸಾಕ್ಷಿ. ರೆಸ್ಯೂಮೆಗಳಿಗೆ ತಾನೇ ಅಂಕ ಕೊಡುವ ವ್ಯವಸ್ಥೆಯೊಂದನ್ನು ಅದು 2014ರಲ್ಲಿ ಕಟ್ಟತೊಡಗಿತು. ಹಿಂದಿನ ಹತ್ತು ವರ್ಷಗಳಲ್ಲಿ ಬಂದಿದ್ದ ರೆಸ್ಯೂಮೆಗಳಿಂದ ಅದಕ್ಕೆ ತರಬೇತಿ ಕೊಡಲಾಗಿತ್ತು, ಅವುಗಳಲ್ಲಿ ಹೆಚ್ಚಿನವು ಗಂಡಸರವು. ಪರಿಣಾಮವಾಗಿ ‘ಮಹಿಳಾ’ ಎಂಬ ಅರ್ಥದ ಪದ ಇದ್ದ ರೆಸ್ಯೂಮೆಗಳಿಗೆ ಅದು ಕಡಿಮೆ ಅಂಕ ಕೊಡಲು ಕಲಿತಿತ್ತು. ಎರಡು ಮಹಿಳಾ ಕಾಲೇಜುಗಳಲ್ಲಿ ಓದಿದವರನ್ನು ಕೆಳಕ್ಕಿಳಿಸಿತ್ತು. ಕಂಪನಿ ಅದನ್ನು ಕೈಬಿಟ್ಟಿತೆಂದು ರಾಯಿಟರ್ಸ್ ಸುದ್ದಿಸಂಸ್ಥೆ 2018ರ ಅಕ್ಟೋಬರಿನಲ್ಲಿ ವರದಿ ಮಾಡಿತು. ಹೆಣ್ಣುಮಕ್ಕಳನ್ನು ಮಹಿಳಾ ಕಾಲೇಜಿಗೇ ಕಳಿಸುವ ಮನೆಗಳು ಇನ್ನೂ ಬಹಳ ಇರುವ ನಮ್ಮ ಜಿಲ್ಲೆಗಳಲ್ಲಿ ಈ ಸಂಗತಿಯನ್ನು ಹಗುರವಾಗಿ ಕಾಣುವಂತಿಲ್ಲ. ನ್ಯೂಯಾರ್ಕ್ ನಗರದಲ್ಲಿ ಇಂಥ ಸಾಧನ ಬಳಸುವ ಉದ್ಯೋಗದಾತರು ಪಕ್ಷಪಾತದ ಲೆಕ್ಕಪರಿಶೋಧನೆ ಮಾಡಿಸಬೇಕೆಂಬ ನಿಯಮ 2023ರ ಜುಲೈನಿಂದ ಜಾರಿಯಲ್ಲಿದೆ. ಯುರೋಪಿನ ಒಕ್ಕೂಟ 2024ರ ಆಗಸ್ಟಿನಲ್ಲಿ ಜಾರಿಗೆ ಬಂದ ತನ್ನ ಕಾಯ್ದೆಯಲ್ಲಿ ನೇಮಕಾತಿಯ ಎಐಯನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ಭಾರತದಲ್ಲಿ ನೇಮಕಾತಿಗೆಂದೇ ಅಂಥ ನಿಯಮ ಬಂದಿಲ್ಲ.

ಇನ್ನೊಂದು ಅನ್ಯಾಯ ಸದ್ದಿಲ್ಲದೆ ನಡೆಯುವಂಥದ್ದು. ಕೆಲವು ಕಡೆ ರೆಸ್ಯೂಮೆ ಅಥವಾ ಅರ್ಜಿಪತ್ರ ಎಐ ಬರೆದದ್ದೇ ಎಂದು ಪತ್ತೆಹಚ್ಚುವ ಸಾಧನಗಳನ್ನು ಬಳಸುತ್ತಾರೆ. ಈ ಸಾಧನಗಳನ್ನು ನಂಬಲಾಗದು. ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ನಡೆಸಿದ ಪರೀಕ್ಷೆಯಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತಾವೇ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಇಂಥ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಸರಳ ಪದ, ಚಿಕ್ಕ ವಾಕ್ಯ, ಪುಸ್ತಕದಲ್ಲಿ ಕಲಿತ ವ್ಯಾಕರಣ ಇರುವ ಇಂಗ್ಲಿಷ್ ಅವುಗಳಿಗೆ ಯಂತ್ರದಂತೆ ಕಾಣುತ್ತದೆ, ಮತ್ತು ಕನ್ನಡ ಮಾಧ್ಯಮದಿಂದ ಬಂದವರ ಇಂಗ್ಲಿಷ್ ಹೆಚ್ಚಾಗಿ ಹಾಗೆಯೇ ಇರುತ್ತದೆ. ಎಐ ಮುಟ್ಟದೆಯೇ ಬರೆದ ಹುಡುಗಿಯೂ ಅನುಮಾನಕ್ಕೆ ಗುರಿಯಾಗಬಹುದು ಎಂದಾಗ, ಎಚ್‌ಆರ್ ವಿಭಾಗಗಳು ಭಾಷೆಯ ಮೂಲ ಹುಡುಕುವುದನ್ನು ಬಿಟ್ಟು ಬರೆದದ್ದರ ಸತ್ಯವನ್ನು ಪರೀಕ್ಷಿಸುವುದೇ ನ್ಯಾಯ. ಫಿಟ್ಟರಿಗೆ ಒಂದು ಬೇರಿಂಗ್ ಕೊಟ್ಟು ಬಿಚ್ಚಿ ಜೋಡಿಸು ಎಂದರೆ ಹದಿನೈದು ನಿಮಿಷದಲ್ಲಿ ಗೊತ್ತಾಗುವುದನ್ನು ಯಾವ ಪತ್ತೆ ಸಾಧನವೂ ಹೇಳಲಾರದು.

ಖಾಸಗಿ ವಿವರಗಳ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ನಮ್ಮ ಬಯೋಡಾಟಾಗಳಲ್ಲಿ ತಂದೆಯ ಹೆಸರು, ಜಾತಿ, ಧರ್ಮ, ವೈವಾಹಿಕ ಸ್ಥಿತಿ, ಮನೆಯ ಪೂರ್ಣ ವಿಳಾಸ, ಕೆಲವೊಮ್ಮೆ ಆಧಾರ್ ಸಂಖ್ಯೆಯವರೆಗೆ ಎಲ್ಲವನ್ನೂ ಬರೆಯುವ ಅಭ್ಯಾಸವಿದೆ. ಖಾಸಗಿ ಕೆಲಸದ ಅರ್ಜಿಗೆ ಇವುಗಳಲ್ಲಿ ಬಹುತೇಕ ಯಾವುದೂ ಬೇಕಿಲ್ಲ; ಚಾಟ್‌ಬಾಟಿಗಂತೂ ಒಂದೂ ಬೇಕಿಲ್ಲ. ಉಚಿತವಾಗಿ ಸಿಗುವ ಸೇವೆಗಳು ನಮ್ಮ ಸಂಭಾಷಣೆಯನ್ನು ತಮ್ಮ ಮಾದರಿಗಳ ತರಬೇತಿಗೆ ಬಳಸಿಕೊಳ್ಳಬಹುದು. ಚಾಟ್‌ಜಿಪಿಟಿಯ ಸೆಟ್ಟಿಂಗ್ಸಿನಲ್ಲಿ ಇದನ್ನು ನಿಲ್ಲಿಸುವ ಆಯ್ಕೆಯಿದೆ. ಅದಕ್ಕಿಂತ ಸುಲಭದ ದಾರಿ, ಹೆಸರು, ಫೋನ್ ನಂಬರ್, ವಿಳಾಸದ ಜಾಗವನ್ನು ಖಾಲಿ ಬಿಟ್ಟು ಕೆಲಸದ ವಿವರವನ್ನಷ್ಟೇ ಕೊಟ್ಟು, ಉಳಿದದ್ದನ್ನು ಆಮೇಲೆ ನಾವೇ ತುಂಬಿಕೊಳ್ಳುವುದು. ಅಂಕಪಟ್ಟಿಯ ಫೋಟೊ ಹಾಕಿ ‘ಇದನ್ನು ಓದಿ ಬರೆ’ ಎನ್ನುವವರು, ಅದರ ಮೇಲೆ ತಂದೆತಾಯಿಯ ಹೆಸರು, ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಎಲ್ಲವೂ ಇವೆ ಎಂಬುದನ್ನು ಗಮನಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೆಲವು ಹಕ್ಕುಗಳನ್ನು ಕೊಡುತ್ತದೆ ನಿಜ. ಆದರೆ ಕೊಟ್ಟಿದ್ದನ್ನು ವಾಪಸು ಪಡೆಯಲು ಓಡಾಡುವುದಕ್ಕಿಂತ ಕೊಡದಿರುವುದು ಸುಲಭ.

ಈ ಎಲ್ಲ ಎಚ್ಚರಿಕೆಯ ಭಾರವನ್ನು ಇಪ್ಪತ್ತೊಂದು ವರ್ಷದ ಅಭ್ಯರ್ಥಿಯೊಬ್ಬರ ಹೆಗಲ ಮೇಲೆ ಹಾಕಿ ಕೂರುವುದು ಸರಿಯಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಈಗ ವಿಶ್ವವಿದ್ಯಾಲಯಗಳಿವೆ, ಬಹುತೇಕ ತಾಲ್ಲೂಕುಗಳಲ್ಲಿ ಸರ್ಕಾರಿ ಪದವಿ ಕಾಲೇಜು, ಐಟಿಐಗಳಿವೆ, ಅವುಗಳಲ್ಲಿ ಪ್ಲೇಸ್‌ಮೆಂಟ್ ಅಧಿಕಾರಿ ಎಂಬ ಜವಾಬ್ದಾರಿಯೂ ಒಬ್ಬರಿಗೆ ಇರುತ್ತದೆ. ಕೊನೆಯ ಸೆಮಿಸ್ಟರಿನಲ್ಲಿ 2 ಗಂಟೆ ಕನ್ನಡದಲ್ಲೇ ಕೂಡಿಸಿಕೊಂಡು, ಪ್ರತಿಯೊಬ್ಬರೂ ತಾವು ಮಾಡಿದ ಕೆಲಸವನ್ನು ಪಕ್ಕದವರಿಗೆ ಹೇಳುವಂತೆ, ಪಕ್ಕದವರು ಪ್ರಶ್ನೆ ಕೇಳುವಂತೆ ಮಾಡಿದರೆ ಅರ್ಧ ರೆಸ್ಯೂಮೆ ಅಲ್ಲಿಯೇ ಸಿದ್ಧವಾಗುತ್ತದೆ. ಹೊಲದಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿದವರು, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಬರೆದವರು, ಸ್ವಸಹಾಯ ಸಂಘದ ಲೆಕ್ಕ ನೋಡಿಕೊಂಡವರು ಆ ಕೋಣೆಯಲ್ಲೇ ಇರುತ್ತಾರೆ. ಭಾಷೆಯನ್ನು ತಿದ್ದಲು ಎಐ ಬರಬೇಕಾದದ್ದು ಅದರ ನಂತರ.

ಉದ್ಯೋಗದಾತರಿಂದಲೂ ಕೇಳಬೇಕಾದದ್ದಿದೆ. ಜಿಲ್ಲಾ ಕೇಂದ್ರಗಳಲ್ಲಿ ನಡೆಯುವ ಉದ್ಯೋಗ ಮೇಳಗಳ ಪ್ರಕಟಣೆಯಲ್ಲಿ ‘ರೆಸ್ಯೂಮೆಯೊಂದಿಗೆ ಹಾಜರಾಗಿ’ ಎಂಬ ಒಂದು ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಯಾವ ಭಾಷೆಯಲ್ಲಿ ಇರಬೇಕು, ಎಷ್ಟು ಪುಟ, ಆನ್‌ಲೈನ್ ಆದರೆ ಯಾವ ಬಗೆಯ ಫೈಲ್, ಮೊದಲ ಜರಡಿ ತಂತ್ರಾಂಶದ್ದೋ ಮನುಷ್ಯರದ್ದೋ, ಭಾಷೆ ತಿದ್ದಲು ಎಐ ಬಳಸಿದರೆ ಕಂಪನಿಗೆ ಒಪ್ಪಿಗೆಯೋ ಇಲ್ಲವೋ ಎಂಬುದನ್ನು ನಾಲ್ಕು ಸಾಲು ಕನ್ನಡದಲ್ಲಿ ಮುದ್ರಿಸಲು ಕಂಪನಿಗಳಿಗೆ ಯಾವ ಖರ್ಚೂ ಇಲ್ಲ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಟೈಲರ್ ಹುದ್ದೆಗಳಿಗೆ ಒಂದು ಪುಟದ ಇಂಗ್ಲಿಷ್ ಕೇಳುವ ಬದಲು ಕನ್ನಡದ ಸರಳ ನಮೂನೆಯೊಂದನ್ನು ಕೊಟ್ಟು, ಕೈಕೆಲಸದ ಪರೀಕ್ಷೆಯ ಮೇಲೆ ಆಯ್ಕೆ ಮಾಡುವುದಾಗಿ ಅಲ್ಲೇ ತಿಳಿಸಬಹುದು. ಮೇಳ ಏರ್ಪಡಿಸುವ ಜಿಲ್ಲಾಡಳಿತ ಮತ್ತು ಕೌಶಲಾಭಿವೃದ್ಧಿ ಇಲಾಖೆ ಇದನ್ನು ಭಾಗವಹಿಸುವ ಕಂಪನಿಗಳಿಗೆ ಷರತ್ತಾಗಿ ವಿಧಿಸಿದರೆ, ಮುಂದಿನ ಮೇಳದಿಂದಲೇ ಜಾರಿಗೆ ತರಬಹುದಾದ ಕೆಲಸವಿದು.